ಹೆಸರಿಲ್ಲದ ಚೀಟಿಗಳು

ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಯ ಅಟ್ಟದಿಂದ ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ ನೋಡಿ, ಆಗಷ್ಟೇ ಹೆರೆದ ಪೆನ್ಸಿಲ್ಲಿನ ವಾಸನೆ ಗಪ್ಪನೆ ಬಂತು. ಇಪ್ಪತ್ತು ವರ್ಷದ ಮೇಲೂ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬದೆ ಇನ್ನೊಮ್ಮೆ ಮೂಸಿ ನೋಡಿದೆ.

ಆಗ ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಲೈಬ್ರೇರಿಯನ್. ದಿನಾ ಶಿವಮೊಗ್ಗದಿಂದ ಬಸ್ಸು. ಮಲವಗೊಪ್ಪ ದಾಟುವುದರೊಳಗೆ ನಿದ್ದೆ. ಪುಸ್ತಕಕ್ಕೆ ರಟ್ಟು ಹಾಕುವುದು, ಮಕ್ಕಳಿಗೆ "ಶ್ಶ್" ಎನ್ನುವುದು, ಇವೆರಡರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹೀಗಿರುವಾಗ ಹೆಡ್‌ಮಾಸ್ಟರು ಕರೆದು, "ಮೇಡಂ, ಇನ್‌ಸ್ಪೆಕ್ಷನ್ ಬರ್ತಿದೆ. ಲೈಬ್ರರಿಯಿಂದ ಮಕ್ಕಳು ಏನು ಕಲಿತ್ರು ಅಂತ ಪುರಾವೆ ತೋರ್ಸಿ. ಇಲ್ಲಾಂದ್ರೆ ಆ ರೂಮು ಕಂಪ್ಯೂಟರಿಗೆ ಹೋಗುತ್ತೆ," ಎಂದರು. ಅದರ ಜೊತೆಗೇ ನನ್ನ ಕೆಲಸವೂ ಹೋಗುತ್ತಿತ್ತು.

ಎಷ್ಟು ಪುಸ್ತಕ ಹೊರಗೆ ಹೋಯಿತೆಂದು ರಿಜಿಸ್ಟರು ಹೇಳುತ್ತದೆ. ತಲೆಗೆ ಏನು ಹೋಯಿತೆಂದು ಹೇಳುವುದಿಲ್ಲ. ಅದಕ್ಕೇ ಮೇಜಿನ ಮೇಲೆ ಚೀಟಿ, ಪೆನ್ಸಿಲ್, ಈ ಡಬ್ಬಿ ಇಟ್ಟೆ. ಪುಸ್ತಕ ವಾಪಸು ತಂದವರು 'ಗೊತ್ತಾದದ್ದು' ಎಂದು ಒಂದು ಸಾಲು ಬರೆದು, ಹೆಸರು ಹಾಕಿ, ಒಳಗೆ ಬಿಡಬೇಕು. ಹೆಚ್ಚಿನವರು "ಪುಸ್ತಕ ಚೆನ್ನಾಗಿದೆ" ಎಂದು ಗೀಚಿ ಓಡಿದರು.

ಒಂದು ಸೋಮವಾರ ಬೆಳಿಗ್ಗೆ ಬೀಗ ತೆಗೆದರೆ, ಖಾಲಿ ಮಾಡಿ ಹೋಗಿದ್ದ ಡಬ್ಬಿಯಲ್ಲಿ ಒಂದು ಚೀಟಿ. ಸೊಟ್ಟ ಅಕ್ಷರ: "ಗೊತ್ತಾದದ್ದು: ತಿಮಿಂಗಿಲ ಮೀನಲ್ಲ." ಹೆಸರಿಲ್ಲ. ತಿಮಿಂಗಿಲದ ಪುಸ್ತಕವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ಅಟೆಂಡರ್ ರುಕ್ಮಿಣಮ್ಮನನ್ನು ಕೇಳಿದೆ. "ಬೀಗದ ಕೈ ನಿಮ್ ಹತ್ರಾನೇ ಇರೋದಲ್ವಾ ಮೇಡಂ?" ಎಂದು ಆಕೆ ನನ್ನನ್ನೇ ಒಂಥರಾ ನೋಡಿದರು.

ಆಮೇಲೆ ವಾರಕ್ಕೊಂದು ಬಂತು. ಬರುಬರುತ್ತಾ ಅಕ್ಷರ ನೆಟ್ಟಗಾಯಿತು, ಸಾಲು ಉದ್ದವಾಯಿತು. "ಗೊತ್ತಾದದ್ದು: ನಮಗೆ ಕಾಣುವ ನಕ್ಷತ್ರ ಈಗ ಇಲ್ಲದೆಯೂ ಇರಬಹುದು." ಅದನ್ನು ಓದಿದ ದಿನ ಹೊರಗೆ ಬಂದು ಬಿಸಿಲಲ್ಲಿ ನಿಂತೆ. ಹೆದರಿಕೆಯಾಗಿತ್ತು, ಹೆಮ್ಮೆಯೂ ಆಗಿತ್ತು. ಯಾರೋ ನನ್ನ ಕೋಣೆಯಲ್ಲಿ ನಿಜವಾಗಿ ಕಲಿಯುತ್ತಿದ್ದರು.

"ಹೆಸರಿಲ್ಲದ್ದು ಪುರಾವೆ ಆಗಲ್ಲ ಮೇಡಂ," ಎಂದರು ಹೆಡ್‌ಮಾಸ್ಟರು. ಟಿ.ಸಿ. ತೆಗೆದುಕೊಂಡು ಬೇರೆ ಊರಿಗೆ ಹೋಗಿದ್ದ ಹುಡುಗಿಯೊಬ್ಬಳ ಹೆಸರನ್ನು ಆ ಚೀಟಿಗಳ ಕೆಳಗೆಲ್ಲ ಪೆನ್ಸಿಲ್ಲಿನಲ್ಲಿ ನಾನೇ ಬರೆದೆ. ಕರೆಸಿ ಕೇಳುವಂತಿಲ್ಲವಲ್ಲ! ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಚೀಟಿಗಳನ್ನು ಸಾಲಾಗಿ ಜೋಡಿಸಿ ನೋಡಿ ತಲೆದೂಗಿದರು. ಕೋಣೆ ಉಳಿಯಿತು, ನಾನೂ ಉಳಿದೆ.

ಮರುದಿನ ಡಬ್ಬಿಯಲ್ಲಿ ಇನ್ನೊಂದಿತ್ತು. ಅಚ್ಚು ಹಾಕಿದಂಥ ಅಕ್ಷರ. "ಗೊತ್ತಾದದ್ದು: ಮೇಡಂ ಸುಳ್ಳು ಬರೆಯುತ್ತಾರೆ." ಮತ್ತೆ ಯಾವುದೂ ಬರಲಿಲ್ಲ. ನಾನು ಕಲಿಸಿದ್ದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ನನ್ನ ಬಳಿಯಿಲ್ಲ. ಅದನ್ನು ಯಾರಿಗೂ ತೋರಿಸಿಲ್ಲ.

ಇವತ್ತು ರಬ್ಬರ್ ಹಿಡಿದು ಕೂತು ಆ ಹುಡುಗಿಯ ಹೆಸರನ್ನು ಒಂದೊಂದೇ ಚೀಟಿಯಿಂದ ಅಳಿಸಿದೆ. ಆಮೇಲೆ ಖಾಲಿ ಚೀಟಿಯೊಂದರಲ್ಲಿ "ಗೊತ್ತಾದದ್ದು: ತಪ್ಪು ನನ್ನದು" ಎಂದು ಬರೆದು, ನನ್ನ ಹೆಸರು ಹಾಕಿ, ಒಳಗೆ ಬಿಟ್ಟೆ. ಡಬ್ಬಿಯ ಮುಚ್ಚಳ ಹಾಕಿಲ್ಲ. ಪೆನ್ಸಿಲ್ ಪಕ್ಕದಲ್ಲೇ ಇದೆ.