ರಮ್ಲತ್ ಪಾಲಿನ ಒಂದು ಚಿತ್ರ

ನಾನು ರಮ್ಲತ್ ಅವರನ್ನು ಮೊದಲು ಕಂಡದ್ದು ನೆಲ್ಯಾಡಿಯಲ್ಲಿ, ಶಾಲೆಯಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡ ಹುಡುಗಿಯೊಬ್ಬಳ ಮದುವೆಯ ದಿನ. ಹೆಂಗಸರ ಕಡೆಯ ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟಿದ್ದರು. ಒಳಗೆ ಹೋಗುವವರೆಲ್ಲ ಮೊಬೈಲನ್ನು ಅದರಲ್ಲಿ ಹಾಕಿಯೇ ಹೋಗಬೇಕು. ಒಳಗೆ ಮದುಮಗಳ ಎದುರು ಮಂಡಿಯೂರಿ ಕುಳಿತಿದ್ದ, ಐವತ್ತು ದಾಟಿದ ಹೆಂಗಸೊಬ್ಬರ ಕೈಯಲ್ಲಿ ಮಾತ್ರ ಕ್ಯಾಮೆರಾ ಇತ್ತು. ಅದೂ ರೀಲು ಹಾಕುವ ಹಳೆಯ ಕ್ಯಾಮೆರಾ.

"ನಾನು ಸರಿ ಬಂದಿದ್ದೇನಾ, ಒಮ್ಮೆ ತೋರಿಸಿ ರಮ್ಲತ್ತಾ," ಎಂದು ಮದುಮಗಳ ಗೆಳತಿ ಕೊರಳು ಚಾಚಿದಳು.

"ಇದರಲ್ಲಿ ತೋರಿಸ್ಲಿಕ್ಕೆ ಎಂತದೂ ಇಲ್ಲ. ಅದಕ್ಕೇ ಅಲ್ವಾ ನನ್ನನ್ನು ಕರೆದದ್ದು?" ಎಂದರು ರಮ್ಲತ್. ಕೋಣೆ ತುಂಬ ನಗೆ ಎದ್ದಿತು. ಅವರು ಆ ನಗೆಯನ್ನೇ ಕ್ಯಾಮೆರಾದಲ್ಲಿ ಹಿಡಿದುಕೊಂಡರು.

ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಗಳ ಮದುವೆಯಲ್ಲಿ ಹೆಂಗಸರ ಚಿತ್ರ ಹೊರಗಿನವರ ಕಣ್ಣಿಗೆ ಬೀಳಬಾರದು. ಆ ಭಯವಿದ್ದ ಮನೆಯವರು ಇಂದಿಗೂ ರಮ್ಲತ್ ಅವರನ್ನೇ ಕರೆಯುತ್ತಾರೆ. ಪಂಜದ ತಮ್ಮ ಮನೆಯ ಬಚ್ಚಲಿನಲ್ಲಿ ಅವರೇ ರೀಲು ತೊಳೆದು, ಕಪ್ಪು ಬಿಳುಪಿನಲ್ಲಿ ಅವರೇ ಪ್ರತಿ ತೆಗೆದು, ಆಲ್ಬಮ್ಮು ಕಟ್ಟಿ, ನೆಗೆಟಿವ್‌ಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಮದುಮಗಳ ತಾಯಿಯ ಕೈಯಲ್ಲೇ ಇಡುತ್ತಾರೆ. "ಇನ್ನು ನನ್ನಲ್ಲಿ ಎಂತದೂ ಇಲ್ಲ" ಎಂಬ ಮಾತನ್ನು ಆಗ ಹೇಳಿಯೇ ಹೇಳುತ್ತಾರೆ. ಯಾರಾದರೂ ತನ್ನ ಚಿತ್ರ ಬೇಡವೆಂದರೆ ಆ ತುಂಡನ್ನು ಕತ್ತರಿಸಿ ಒಲೆಗೆ ಹಾಕುತ್ತಾರೆ. ಏಕೆ ಬೇಡ ಎಂದು ಕೇಳುವ ಅಭ್ಯಾಸ ಅವರಿಗಿಲ್ಲ.

ಈ ವಿದ್ಯೆ ಕೈಗೆ ಬಂದದ್ದು ಆಕಸ್ಮಿಕವಾಗಿ. ಹುಡುಗಿಯಾಗಿದ್ದಾಗ ಪುತ್ತೂರಿನಲ್ಲಿ ಸರ್ವೋತ್ತಮ ಎಂಬವರ ಸ್ಟುಡಿಯೋದಲ್ಲಿ ಆಲ್ಬಮ್ಮಿಗೆ ಚಿತ್ರ ಅಂಟಿಸುವ ಕೆಲಸ ಮಾಡುತ್ತಿದ್ದರು. ಒಂದು ಮದುವೆಯಲ್ಲಿ ಸರ್ವೋತ್ತಮರನ್ನು ಜಗಲಿಯಿಂದ ಒಳಗೆ ಬಿಡಲಿಲ್ಲ. ಅವರು ಕ್ಯಾಮೆರಾವನ್ನು ಈ ಹುಡುಗಿಯ ಕೊರಳಿಗೆ ಹಾಕಿ, "ನೀನೇ ಒತ್ತು ಮಾರಾಯ್ತಿ. ಕೈ ನಡುಗಿದ್ರೆ ಉಸಿರು ಹಿಡಿ," ಎಂದರು. ಗಂಡ ಮೊಯ್ದೀನ್ ತೀರಿಕೊಂಡ ಮೇಲೆ ಅದೇ ಅನ್ನವಾಯಿತು. ಮಗಳು ಆಯಿಶತ್ ಶಿಫಾಳನ್ನು ಓದಿಸಿದ್ದೂ, ಮದುವೆ ಮಾಡಿದ್ದೂ ಅದರಿಂದಲೇ.

ಹೀಗೆ ಪಂಜದಿಂದ ಮಂಡೆಕೋಲಿನವರೆಗೆ ಎಷ್ಟೋ ಮನೆಗಳ ಕಪಾಟಿನಲ್ಲಿ ರಮ್ಲತ್ ತೆಗೆದ ಚಿತ್ರಗಳು ಭದ್ರವಾಗಿವೆ. ಅವರ ಮನೆಯ ಗೋಡೆಯ ಮೇಲೆ ಮಾತ್ರ ಒಂದೂ ಇರಲಿಲ್ಲ. ಯಾರನ್ನೂ ಕೇಳದೆ ತಾನು ಇಟ್ಟುಕೊಳ್ಳಬಹುದಾದ, ತನ್ನದೆಂದು ತೂಗುಹಾಕಬಹುದಾದ ಒಂದು ಚಿತ್ರ ಬೇಕೆಂಬ ಆಸೆ ವಯಸ್ಸಾದಂತೆ ಅವರಲ್ಲಿ ಬೆಳೆಯಿತು. ಅದಕ್ಕೆ ಚಿತ್ರದಲ್ಲಿ ಮನುಷ್ಯರು ಇರಬಾರದು. ನಮ್ಮ ಕಡೆಯಲ್ಲಿ ಅದು ಸುಲಭವಲ್ಲ. ರಬ್ಬರ್ ತೋಟದ ನಡುವೆ ಕ್ಯಾಮೆರಾ ಎತ್ತಿದರೂ ಯಾವುದೋ ಮರದ ಹಿಂದಿನಿಂದ ಹಾಲು ಇಳಿಸುವ ಟ್ಯಾಪಿಂಗಿನವನು ಬಂದು, "ಯಾರದ್ದು ಫೋಟೋ ತೆಗಿಯುದು?" ಎಂದು ಕೇಳುತ್ತಾನೆ.

ಎರಡು ವರ್ಷದ ಹಿಂದೆ ಶಿಫಾಳ ಎರಡನೆಯ ಹೆರಿಗೆಗೆಂದು ರಮ್ಲತ್ ಒಮಾನಿಗೆ ಹೋದರು. ಜೊತೆಗೆ ಎರಡು ರೀಲು ಇದ್ದವು. ಒಂದು ಮಗುವಿನ ತಲೆಗೂದಲು ತೆಗೆದ ದಿನ ಮುಗಿಯಿತು. ಅದು ಶಿಫಾಳಿಗೆ ಸೇರಬೇಕಾದದ್ದು. ಉಳಿದ ಒಂದನ್ನು ಮುಂದಿಟ್ಟುಕೊಂಡು ಅವರು ಅಳಿಯನನ್ನು ಕೇಳಿದರು: "ರಿಯಾಝ್, ನನ್ನನ್ನು ಮರಳುಗಾಡಿನಲ್ಲಿ ಒಂದು ರಾತ್ರಿ ಬಿಟ್ಟು ಬರ್ತೀಯಾ? ಒಬ್ಬಳನ್ನೇ."

ಅಳಿಯ ಹೆಂಡತಿಯ ಮುಖ ನೋಡಿದ.

"ಉಮ್ಮಾ, ಪಂಜದಲ್ಲಿ ಕತ್ತಲಾದರೆ ಬಾವಿಕಟ್ಟೆಗೆ ಹೋಗ್ಲಿಕ್ಕೆ ನಿಮಗೆ ಹೆದರಿಕೆ. ಇಲ್ಲಿ ಒಬ್ಬರೇ ಮಲಗುದಾ?" ಎಂದು ಶಿಫಾ ಛೇಡಿಸಿದಳು.

"ಅಲ್ಲಿ ಹೆದರಿಕೆ ಮನುಷ್ಯರದ್ದು. ಇಲ್ಲಿ ಮನುಷ್ಯರೇ ಇಲ್ಲ ಅಲ್ಲ?"

ರಿಯಾಝ್ ಗುಡಾರ ಹೂಡಿ, ನೀರಿನ ಕ್ಯಾನು ಇಳಿಸಿ, ಒಂದು ಚೀಲ ಖರ್ಜೂರ, ಒಂದು ಫ್ಲಾಸ್ಕು ತುಂಬ ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟ. "ಮಾಮಿ, ಗುಡಾರ ಕಾಣದಷ್ಟು ದೂರ ಹೋಗ್ಬೇಡಿ," ಎಂದು ಮತ್ತೆ ಮತ್ತೆ ಹೇಳಿ, ಮರುದಿನ ಬರುತ್ತೇನೆಂದು ಹೊರಟ. ಜೀಪಿನ ಸದ್ದು ಅಡಗಿತು. ಹಕ್ಕಿಯ ಕೂಗಿಲ್ಲದ, ಎಲೆಯ ಸದ್ದಿಲ್ಲದ ಅಂಥ ಮೌನವನ್ನು ರಮ್ಲತ್ತರ ಕಿವಿ ಹಿಂದೆಂದೂ ಕೇಳಿರಲಿಲ್ಲ.

ಮದುವೆ ಮನೆಯ ಒಳಕೋಣೆಯ ಮಬ್ಬಿಗೆ ಒಗ್ಗಿದ ಕೈ, ಆ ಬಿಸಿಲಿನಲ್ಲೂ ಲೆನ್ಸನ್ನು ಪೂರ್ತಿ ತೆರೆದೇ ಇಟ್ಟಿತ್ತು. ಅದು ಕಣ್ಣಿಗೆ ಬಿದ್ದು, ಮೊದಲ ಚಿತ್ರಗಳು ಬೆಳಕು ಹೆಚ್ಚಾಗಿ ಹಾಳಾದುವೆಂದು ತಿಳಿದಾಗ ತಮಗೆ ತಾವೇ ಬೈದುಕೊಂಡರು. ಮತ್ತೆ ಅವಸರ ಮಾಡಲಿಲ್ಲ. ಸಂಜೆ ಮರಳುದಿಬ್ಬಗಳ ಒಂದು ಮಗ್ಗುಲು ಹೊನ್ನಾಗಿ, ಇನ್ನೊಂದು ಮಗ್ಗುಲು ಕಪ್ಪಾಗುವವರೆಗೆ ಕಾದರು. ಬೆಳಗ್ಗೆ ನಮಾಜು ಮುಗಿಸಿ, ಗಾಳಿ ರಾತ್ರಿಯೆಲ್ಲ ಮರಳಿನಲ್ಲಿ ಬರೆದ ಗೆರೆಗಳ ಮೇಲೆ ಓರೆ ಬಿಸಿಲು ಬೀಳುವುದನ್ನು ಹಿಡಿದರು. ಯಾರಿಗೂ 'ಈಚೆ ನೋಡಿ' ಎನ್ನಬೇಕಾಗಿರಲಿಲ್ಲ. ಯಾರ ಅನುಮತಿಯೂ ಬೇಕಾಗಿರಲಿಲ್ಲ.

ರೀಲು ಮುಗಿಯುತ್ತ ಬಂದಾಗ ಹತ್ತಿರದ ದಿಬ್ಬದ ನೆತ್ತಿಯಲ್ಲಿ ಒಂದು ಕುರುಚಲು ಗಿಡ ಕಂಡಿತು. ಚೆನ್ನಾಗಿದೆ ಎನ್ನಿಸಿ ಒತ್ತಿದರು. ಗಿಡ ತಿರುಗಿ ನೋಡಿತು.

ಅದು ಮರಳುಗಾಡಿನಲ್ಲೇ ಬಾಳುವ ಬದು ಎಂಬ ಅರಬ್ ಬುಡಕಟ್ಟಿನ, ಆಡು ಮೇಯಿಸುವ ಹೆಂಗಸು. ಅವಳೂ ಆ ಕಡೆ ಯಾರೂ ಇಲ್ಲವೆಂದುಕೊಂಡು ಮುಖದ ಮುಸುಕನ್ನು ಮೇಲೆ ಸರಿಸಿದ್ದಳು. ಈಗ ಅದನ್ನು ಎಳೆದುಕೊಂಡು, ಆಡುಗಳನ್ನು ಅಲ್ಲೇ ಬಿಟ್ಟು ದಿಬ್ಬ ಇಳಿದು ಬಂದಳು. ಕೂಗಾಡಲಿಲ್ಲ. ಕ್ಯಾಮೆರಾದ ಕಡೆ ಬೆರಳು ತೋರಿಸಿ, "ಸೂರ... ಲಾ," ಎಂದಳು. ಮದರಸದಲ್ಲಿ ಕಲಿತ ಅರಬಿಯಲ್ಲಿ 'ಚಿತ್ರ ಬೇಡ' ಎಂಬಷ್ಟು ರಮ್ಲತ್ತರಿಗೆ ತಿಳಿಯಿತು. ಹೆಂಗಸು ಕ್ಯಾಮೆರಾದ ಹಿಂಬದಿಯನ್ನು ತಿರುಗಿಸಿ ನೋಡಿದಳು. ಅಳಿಸಿ ತೋರಿಸಲು ಅಲ್ಲಿ ಪರದೆ ಇರಲಿಲ್ಲ. ಅವಳು ಅಂಗೈ ಚಾಚಿ ನಿಂತಳು.

ಊರಿನಲ್ಲಾದರೆ 'ಕತ್ತರಿಸಿ ಸುಡುತ್ತೇನೆ' ಎಂದರೆ ಮುಗಿಯುತ್ತಿತ್ತು; ಅಲ್ಲಿ ರಮ್ಲತ್ ಯಾರೆಂದು ಎಲ್ಲರಿಗೂ ಗೊತ್ತು. ಇಲ್ಲಿ ಅದನ್ನು ಹೇಳಲು ಭಾಷೆಯಿಲ್ಲ, ಹೇಳಿದರೂ ಇವಳು ನಂಬಲು ಕಾರಣವಿಲ್ಲ. ಸುಮ್ಮನೆ ತಲೆಯಾಡಿಸಿ ಗುಡಾರಕ್ಕೆ ನಡೆದರೆ ತಡೆಯುವವರೂ ಇಲ್ಲ. ಪಂಜದ ಬಚ್ಚಲಿನಲ್ಲಿ ಆ ಒಂದು ತುಂಡನ್ನು ತೆಗೆದರೆ ಉಳಿದ ದಿಬ್ಬಗಳೆಲ್ಲ ತನ್ನವು. ಅದರಲ್ಲಿ ಮೋಸವೂ ಇಲ್ಲ. ಆದರೆ ತನ್ನ ಮುಖ ಯಾವ ದೇಶಕ್ಕೆ ಹೋಯಿತೋ, ಯಾರು ಯಾರು ನೋಡಿದರೋ ಎಂದು ಈ ಹೆಂಗಸು ಎಷ್ಟು ದಿನ ಯೋಚಿಸಬೇಕು? ಆ ಯೋಚನೆ ಎಂಥದ್ದೆಂದು ತಿಳಿದೇ ಅಲ್ಲವೇ ಊರಿನವರು ತನ್ನನ್ನು ಒಳಗೆ ಕರೆಯುವುದು?

ರಮ್ಲತ್ ಕ್ಯಾಮೆರಾದ ಬೆನ್ನು ತೆರೆದರು. ರೀಲನ್ನು ಕೊನೆಯವರೆಗೂ ಹೊರಗೆ ಎಳೆದು, ಬಿಸಿಲಿಗೆ ಹಿಡಿದು, ಅವಳ ಅಂಗೈಯಲ್ಲಿ ಇಟ್ಟರು. ಅವಳು ಬೆರಳು ಮಡಚುವವರೆಗೂ ಉಸಿರು ಹಿಡಿದಿದ್ದರು.

ಬದು ಹೆಂಗಸು ಆ ಸುರುಳಿಯನ್ನು ನೋಡಿದಳು, ರಮ್ಲತ್ತರ ಮುಖವನ್ನು ನೋಡಿದಳು, ಮರಳಿನ ಮೇಲೆ ಕುಳಿತಳು. ಇಬ್ಬರೂ ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಸರದಿಯಂತೆ ಸುಲೈಮಾನಿ ಕುಡಿದರು. ಆಮೇಲೆ ಅವಳು ಎದ್ದು ಆಡುಗಳ ಹಿಂದೆ ಹೋದಳು.

ಊರಿಗೆ ಬಂದ ಮೇಲೆ ರಮ್ಲತ್ ಇದನ್ನು ಹೇಳಿದ್ದು ಮುದುಕರಾಗಿದ್ದ ಸರ್ವೋತ್ತಮರಿಗೆ.

"ಎಂತ ಹುಚ್ಚು ಮಾರಾಯ್ತಿ! ಮನೆಗೆ ತಂದು ಆ ಒಂದನ್ನು ಕತ್ತರಿಸಿದ್ರೆ ಆಗ್ತಿತ್ತಲ್ಲ?"

"ಕತ್ತರಿಸಿದ್ದು ಅವಳಿಗೆ ಹೇಗೆ ಗೊತ್ತಾಗ್ಬೇಕು ಸರ್ವಣ್ಣ?"

ಅವರು ಕನ್ನಡಕ ತೆಗೆದು ಒರೆಸಿದರು. ಅದನ್ನು ಮತ್ತೆ ಹಾಕಿಕೊಂಡು, "ಮದುವೆ ರೀಲಿನಲ್ಲಿ ಕೊನೆಗೆ ಒಂದು ಉಳಿಸಿಕೋ. ಅದು ನಿನ್ನ ಪಾಲು," ಎಂದರು.

ಈಗ ರಮ್ಲತ್ ಹಾಗೆಯೇ ಮಾಡುತ್ತಾರೆ. ಮದುವೆ ಮುಗಿಸಿ ಬರುವಾಗ ದಾರಿಯಲ್ಲಿ ಎಲ್ಲಾದರೂ ಬಸ್ಸಿಳಿದು, ಉಳಿಸಿಕೊಂಡ ಒಂದನ್ನು ತೆಗೆಯುತ್ತಾರೆ. ಲಕೋಟೆ ಕೊಡುವಾಗ, "ಕೊನೆಯದ್ದು ನಾನು ಇಟ್ಟುಕೊಂಡಿದ್ದೇನೆ, ಅದರಲ್ಲಿ ಯಾರೂ ಇಲ್ಲ," ಎಂದು ಮೊದಲೇ ಹೇಳಿ, ಪ್ರತಿಯನ್ನೂ ತೋರಿಸುತ್ತಾರೆ. ಪಂಜದ ಮನೆಯ ಗೋಡೆಯಲ್ಲಿ ಈಗ ಒಂದು ಪಾರೆಕಲ್ಲು, ಒಂದು ಖಾಲಿ ಗದ್ದೆ, ಮಂಡೆಕೋಲಿನ ರಸ್ತೆಯ ಒಂದು ತಿರುವು ಇವೆ.

ಕಳೆದ ಬೇಸಗೆಯಲ್ಲಿ ಕಡಬದ ಮದುವೆಯೊಂದನ್ನು ಮುಗಿಸಿ ಬರುತ್ತ ಕುಮಾರಧಾರೆ ಹೊಳೆಯ ಬದಿಯಲ್ಲಿ ಇಳಿದರು. ನೀರು ಕಡಿಮೆಯಾಗಿ ಮರಳು ಮೇಲೆದ್ದಿತ್ತು. ಕ್ಯಾಮೆರಾ ಎತ್ತುವಷ್ಟರಲ್ಲಿ ಗಾಳ ಹಿಡಿದು ಹೋಗುತ್ತಿದ್ದವನೊಬ್ಬ ನಿಂತು, ಅಂಗಿ ಸರಿಮಾಡಿಕೊಂಡು, ಎದೆ ಮುಂದೆ ಮಾಡಿದ.

"ಸ್ವಲ್ಪ ಆಚೆ ಹೋಗಿ ಅಣ್ಣಾ," ಎಂದರು ರಮ್ಲತ್.

"ನಾನು ಹೋದ್ರೆ ಮತ್ತೆ ಫೋಟೋದಲ್ಲಿ ಎಂತ ಉಂಟು ಮಾರಾಯ್ರೆ?"

ಅವನು ಗೊಣಗುತ್ತ ಮರಳು ದಾಟಿ, ಆಚೆಯ ಕಾಡು ಸೇರುವವರೆಗೂ ಅವರು ಕ್ಯಾಮೆರಾವನ್ನು ಇಳಿಸಿಕೊಂಡೇ ನಿಂತಿದ್ದರು.