ಐದು ಸ್ಟಾರಿಗೆ ಸೈಕಲ್ ಟ್ಯೂಬು

ಹೋದ ವಾರ ನಾನು ಒಂದು ಫ್ರಿಜ್ಜನ್ನು ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿ ಬಂದೆ.

ತಮಾಷೆಯಲ್ಲ. ಹಟ್ಟಿಯಲ್ಲಿ ಎಮ್ಮೆ ಕಟ್ಟುವ ಹಾಗೆ ಎರಡು ಸುತ್ತು ಹಾಕಿ, ಹಿಂದೆ ಗಂಟು ಹೊಡೆದಿದ್ದೇನೆ. ಇಲ್ಲದಿದ್ದರೆ ಅದರ ಬಾಗಿಲು ನಿಲ್ಲುವುದಿಲ್ಲ. ಬಾಗಿಲಿನ ಮೇಲಿನ ಸ್ಟಿಕ್ಕರು ಮಾತ್ರ ಇನ್ನೂ ಫಳಫಳ ಹೊಳೆಯುತ್ತಿದೆ. ಕಡಿಮೆ ಕರೆಂಟು ತಿನ್ನುತ್ತದೆ ಎಂದು ಹೇಳುವ ಸ್ಟಾರುಗಳ ಸ್ಟಿಕ್ಕರು. ಐದಕ್ಕೆ ಐದು! (ನಾನು ಶಾಲೆಯಲ್ಲಿ ಯಾವತ್ತೂ ತೆಗೆಯದ ಮಾರ್ಕು.)

ಫ್ರಿಜ್ಜು ನನ್ನದಲ್ಲ, ಜಲಜಕ್ಕನದು. ಕಡಲ ಬದಿಯ ಕೋಡಿಯ ಜಲಜಕ್ಕ ನಮ್ಮ ತಲ್ಲೂರಿನ ಮನೆಗಳಿಗೆ ಮೀನು ತರುವವರು. ನಾವು ಮುಂಬೈಯ ಹೋಟೆಲು ಮಾರಿ ಊರಿಗೆ ಬಂದಾಗಿನಿಂದ ನಮ್ಮ ಮಧ್ಯಾಹ್ನದ ಮೆನು ನಿರ್ಧರಿಸುವವರು ಅವರೇ. ಅವರ ಬುಟ್ಟಿಯಲ್ಲಿ ಬಂಗುಡೆಯಿದ್ದರೆ ನಮ್ಮಲ್ಲಿ ಬಂಗುಡೆ, ಇಲ್ಲದಿದ್ದರೆ ತೊಂಡೆಕಾಯಿ. ಈ ಸಲ ಮೂರು ದಿನ ಅವರ ಸುದ್ದಿಯೇ ಇಲ್ಲ. ಫೋನ್ ಮಾಡಿದೆ.

“ಬಪ್ಕೆ ಮೀನ್ ಎಲ್ಲಿತ್ತ್ ಅಕ್ಕ? ಫ್ರಿಜ್ಜೊಳ್ಗ್ ಇದ್ದದ್ದೆಲ್ಲ ಹಾಳಾಯ್ ಹೋಯ್ತ್” ಎಂದರು. ದನಿ ಎಂದಿನಂತಿರಲಿಲ್ಲ. ಸ್ಕೂಟರ್ ಹತ್ತಿ ಕೋಡಿಗೆ ಹೊರಟೆ.

ಈಗ ಮಳೆಗಾಲದ ರಜೆ. ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ರಜೆ ಶುರುವಾಗುವ ಮೊದಲು ಸೇರಿಸಿಟ್ಟ ಬಂಗುಡೆ, ಬಿಡಿಸಿಟ್ಟ ಸಿಗಡಿ ಎಲ್ಲ ಜಲಜಕ್ಕನ ಫ್ರೀಜರಿನಲ್ಲಿತ್ತು. ಅಷ್ಟನ್ನೂ ಹಿತ್ತಿಲಿನಲ್ಲಿ ಹೊಂಡ ತೋಡಿ ಹೂತು ಹಾಕಿದ್ದರು. ಕಾರಣ? ಬಾಗಿಲಿನ ಸುತ್ತ ಇರುತ್ತದಲ್ಲ, ಆ ರಬ್ಬರು. ಕಡಲ ಉಪ್ಪುಗಾಳಿಗೆ ಗಟ್ಟಿಯಾಗಿ, ಬಿರುಕು ಬಿಟ್ಟು, ಕೆಳಗಡೆ ಒಂದು ಮೊಳದಷ್ಟು ಕಿತ್ತುಬಂದಿತ್ತು. ಅಲ್ಲಿಂದ ತಂಪೆಲ್ಲ ಹೊರಗೆ, ಸೆಕೆಯೆಲ್ಲ ಒಳಗೆ. ಮೆಷಿನು ಮಾತ್ರ ಒಂದೇ ಸಮನೆ ಓಡುತ್ತಿತ್ತು.

ಅಂದರೆ ಕಡಿಮೆ ಕರೆಂಟು ತಿನ್ನುತ್ತದೆ ಎಂದು ಸರ್ಟಿಫಿಕೇಟು ಪಡೆದ ಫ್ರಿಜ್ಜು, ಹಗಲೂ ರಾತ್ರಿ ಕರೆಂಟು ತಿಂದು, ಮೀನನ್ನೂ ಕೊಳೆಸಿತ್ತು.

“ರಬ್ಬರ್ ಬದ್ಲ್ ಮಾಡ್ಸುಕಿಲ್ಯಾ?” ಎಂದು ಕೇಳಿದೆ.

ಕೇಳಬಾರದಿತ್ತು. ಜಲಜಕ್ಕ ಇಡೀ ಪುರಾಣ ಬಿಚ್ಚಿದರು. ಹಾಲಾಡಿಯ ಮೆಕ್ಯಾನಿಕ್ ಬಂದು ನೋಡಿದನಂತೆ. ಮೆಷಿನು ಕಲ್ಲಿನ ಹಾಗಿದೆ, ಇನ್ನೂ ಎಷ್ಟೋ ವರ್ಷ ಓಡುತ್ತದೆ, ರಬ್ಬರು ತಂದುಕೊಡಿ ಹಾಕುತ್ತೇನೆ ಎಂದನಂತೆ. ಅಂಗಡಿಯವರನ್ನು ಕೇಳಿದರೆ, ಈ ಮಾಡೆಲಿನಲ್ಲಿ ರಬ್ಬರು ಬೇರೆ ಬರುವುದಿಲ್ಲ, ಬಾಗಿಲಿಗೇ ಅಂಟಿಸಿರುತ್ತಾರೆ, ಇಡೀ ಬಾಗಿಲನ್ನೇ ತರಿಸಬೇಕು ಎಂದರಂತೆ. ಸರಿ, ಬಾಗಿಲೇ ತರಿಸಿ ಎಂದರೆ, ಮಾಡೆಲು ನಿಂತುಹೋಗಿದೆ. ಕೊನೆಗೆ ಅಂಗಡಿಯವರ ಸಲಹೆ: “ಎಕ್ಸ್‌ಚೇಂಜಿಗೆ ಹಾಕಿ ಅಕ್ಕ, ಹೊಸತು ಬಂದಿದೆ, ಫೈವ್ ಸ್ಟಾರ್!”

ನನಗೆ ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಈ ಕೆಲಸ ನನಗೆ ಗೊತ್ತು. ಮುಂಬೈಯಲ್ಲಿ ನಮ್ಮ ಹೋಟೆಲಿನ ಡೀಪ್ ಫ್ರೀಜರಿಗೆ ನಾನೇ ಕೈಯಾರೆ ರಬ್ಬರು ಹಾಕಿದ್ದೇನೆ. ಹೊಸ ರಬ್ಬರನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಸುಕ್ಕು ಬಿಡಿಸಿ, ಅಂಚಿನ ಸಂದಿಗೆ ಒತ್ತುತ್ತಾ ಹೋದರಾಯಿತು. ಮೀನು ಹುರಿದು ಮುಗಿಸುವುದರೊಳಗೆ ಮುಗಿಯುವ ಕೆಲಸ. ಅದಕ್ಕೆ ಇಡೀ ಫ್ರಿಜ್ಜನ್ನೇ ಗುಜರಿಗೆ ಹಾಕುವುದೇ? ಚಪ್ಪಲಿಯ ಉಂಗುಷ್ಠ ಕಿತ್ತುಹೋದರೆ ಕಾಲು ಬದಲಿಸುತ್ತೇವೆಯೇ?

ಬಾಗಿಲಿನ ಸಂದಿಗೆ ಹಳೆಯ ಬಟ್ಟೆ ತುರುಕಿ, ಟ್ಯೂಬು ಬಿಗಿದೆವು. ಹೊರಡುವಾಗ ಕಿತ್ತುಬಂದ ರಬ್ಬರಿನ ತುಂಡನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಮರುದಿನವೇ ಅದನ್ನು ತೋರಿಸಬೇಕಾದ ಜಾಗಕ್ಕೆ ನನಗೆ ಆಹ್ವಾನವಿತ್ತು.

ಆಹ್ವಾನ ಬ್ರಹ್ಮಾವರದಲ್ಲಿ ನಡೆಯುವ ಸಮಾಲೋಚನಾ ಸಭೆಯದು. ಮನೆಬಳಕೆಯ ಫ್ರಿಜ್ಜು, ಫ್ರೀಜರುಗಳಿಗೆ ಹೊಸದೊಂದು ‘ಪರಿಸರ ಲೇಬಲ್’ ಬರಲಿದೆಯಂತೆ. ಕರೆಂಟಿನ ಸ್ಟಾರಿಗಿಂತ ಒಂದು ಮೆಟ್ಟಿಲು ಮೇಲೆ. ಈ ಲೇಬಲ್ ಇದ್ದರೆ ಅದು ಭೂಮಿತಾಯಿಗೇ ಒಳ್ಳೆಯ ಫ್ರಿಜ್ಜು ಎಂದು ಅರ್ಥ. ಅದನ್ನು ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬ ಮಾನದಂಡಗಳ ಕರಡು ಸಿದ್ಧವಾಗಿದೆ, ‘ಗ್ರಾಹಕ ಪ್ರತಿನಿಧಿ’ಯಾಗಿ ಬನ್ನಿ ಎಂದು ಬರೆದಿದ್ದರು. ನಾನು ಹೇಗೆ ಪ್ರತಿನಿಧಿಯಾದೆ? ರಾತ್ರಿ ಮಲಗುವಾಗ ಫ್ರಿಜ್ಜಿನ ಸ್ವಿಚ್ ಆಫ್ ಮಾಡುವ ನಮ್ಮೂರಿನವರ ಬಗ್ಗೆ ಇದೇ ಅಂಕಣದಲ್ಲಿ ಬರೆದಿದ್ದೆ, ನೆನಪಿದೆಯೇ? (ನಿಮ್ಮಲ್ಲಿ ಎಷ್ಟು ಜನ ಬೈದಿರಿ ಎಂಬುದು ನನಗೆ ನೆನಪಿದೆ.) ಅದನ್ನು ಓದಿ ನನ್ನನ್ನು ಫ್ರಿಜ್ಜು ಬಲ್ಲವಳು ಎಂದುಕೊಂಡಿದ್ದಾರೆ.

ಜಲಜಕ್ಕನನ್ನೂ ಕರೆದೆ.

“ಹ್ವಾಯ್, ನಾನ್ ಅಲ್ಲಿ ಬಂದ್ ಎಂತ ಮಾಡುಕಿತ್ತ್?”

“ಎಂತದೂ ಬೇಡ. ನನ್ ಹತ್ರ ಕೂಕಣಿ, ಸಾಕ್.”

ಸಭೆಯ ಹಾಲಿನಲ್ಲಿ ಏಸಿ ಎಷ್ಟು ಜೋರಿತ್ತೆಂದರೆ ನಾವಿಬ್ಬರೂ ಫ್ರಿಜ್ಜಿನ ಒಳಗೇ ಕುಳಿತು ಫ್ರಿಜ್ಜಿನ ಚರ್ಚೆ ಕೇಳಿದ ಹಾಗಿತ್ತು. ಸೆರಗು ಹೊದ್ದು ಕುಳಿತೆವು. ಕರಡಿನ ಪ್ರತಿ ಕೈಗೆ ಬಂತು. ದಪ್ಪಗಿತ್ತು, ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡದ್ದು ಎಲ್ಲಿ ಎಂದೆ. “ಪ್ರಿಂಟಿಗೆ ಹೋಗಿದೆ ಮೇಡಂ” ಎಂದರು. (ಕನ್ನಡ ಯಾವಾಗಲೂ ಪ್ರಿಂಟಿಗೇ ಹೋಗಿರುತ್ತದೆ.)

ಪರದೆಯ ಮೇಲೆ ಒಂದೊಂದೇ ಮಾನದಂಡ ಬರತೊಡಗಿತು. ವರ್ಷಕ್ಕೆ ಎಷ್ಟು ಯೂನಿಟ್ ಬಳಸುತ್ತದೆ, ಒಳಗಿನ ಗ್ಯಾಸ್ ಯಾವುದು, ಸದ್ದು ಎಷ್ಟು ಮಾಡುತ್ತದೆ, ಪ್ಯಾಕಿಂಗಿನ ಥರ್ಮಕೋಲು ಎಷ್ಟು. ಎಲ್ಲ ಒಳ್ಳೆಯವೇ. ನಾನು ತಲೆಯಾಡಿಸುತ್ತಲೇ ಇದ್ದೆ. ಆಮೇಲೆ ಪರೀಕ್ಷೆಯ ವಿಷಯ ಬಂತು. ಬಿಳಿಗೂದಲಿನ ತಜ್ಞರೊಬ್ಬರು ವಿವರಿಸಿದರು. ಒಂದೇ ಹದದ ಸೆಕೆಯಿರುವ ಕೋಣೆಯಲ್ಲಿ ಫ್ರಿಜ್ಜು ಇಟ್ಟು, ಬಾಗಿಲು ತೆರೆಯದೆ ಕರೆಂಟು ಅಳೆಯುತ್ತಾರಂತೆ.

ಜಲಜಕ್ಕ ನನ್ನ ಕಿವಿಯಲ್ಲಿ ಹೇಳಿದ್ದು ಹಾಲಿಗೆಲ್ಲ ಕೇಳಿಸಿತು. “ಬಾಗ್ಲ್ ತೆಗೀದೆ ಇಪ್ಕೆ ಫ್ರಿಜ್ಜ್ ಎಂತಕೆ ಬೇಕ್?”

ಎಲ್ಲರೂ ನಕ್ಕರು. ತಜ್ಞರೂ ನಕ್ಕು, ತಾಳ್ಮೆಯಿಂದಲೇ ಉತ್ತರಿಸಿದರು. ಒಂದೊಂದು ಮನೆಯಲ್ಲಿ ಒಂದೊಂದು ರೀತಿ ಬಾಗಿಲು ತೆರೆಯುತ್ತಾರೆ, ಹೋಲಿಸಬೇಕಾದರೆ ಎಲ್ಲದಕ್ಕೂ ಒಂದೇ ಪರೀಕ್ಷೆ ಬೇಕಲ್ಲವೇ ಎಂದರು. ಒಪ್ಪಿದೆ. ಅದು ನ್ಯಾಯವೇ.

ನಾನೂ ಒಂದು ಪ್ರಶ್ನೆ ಎಸೆದೆ. ದೊಡ್ಡ ಫ್ರಿಜ್ಜಿಗೆ ಹೆಚ್ಚು ಯೂನಿಟ್ ಬಳಸುವ ಅವಕಾಶ ಕೊಟ್ಟಿದ್ದೀರಿ. ಹಾಗಾಗಿ ಕಪಾಟಿನಷ್ಟು ದೊಡ್ಡ ಫ್ರಿಜ್ಜಿಗೆ ಲೇಬಲ್ ಸಿಗಬಹುದು, ಅದಕ್ಕಿಂತ ಕಡಿಮೆ ಕರೆಂಟು ತಿನ್ನುವ ಪುಟ್ಟ ಫ್ರಿಜ್ಜಿಗೆ ಸಿಗದೆಯೂ ಹೋಗಬಹುದು. ಭೂಮಿತಾಯಿಗೆ ಯಾವುದು ಒಳ್ಳೆಯದು? ಸಭೆ ನಡೆಸುತ್ತಿದ್ದ ಸಂಚಾಲಕರು “ಗುಡ್ ಪಾಯಿಂಟ್” ಎಂದು ಬರೆದುಕೊಂಡರು. ಗುಡ್ ಪಾಯಿಂಟ್ ಅಂದರೆ ಸುಮ್ಮನೆ ಕುಳಿತುಕೊಳ್ಳಿ ಎಂದು ಅರ್ಥ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಪಟ್ಟಿ ಮುಗಿಯಿತು. ಕೊನೆಯವರೆಗೂ ಕಾದೆ. ಹಾಳಾದರೆ ರಿಪೇರಿ ಆಗಬೇಕು, ಬಿಡಿಭಾಗ ಸಿಗಬೇಕು ಎಂಬ ಒಂದು ಸಾಲೂ ಇರಲಿಲ್ಲ.

ಬ್ಯಾಗ್ ತೆರೆದೆ. ರಬ್ಬರಿನ ತುಂಡನ್ನು ಮೇಜಿನ ಮೇಲೆ, ನೀರಿನ ಬಾಟಲಿಗಳ ನಡುವೆ ಇಟ್ಟೆ. ಏಸಿ ಗಾಳಿಗೆ ಕೋಡಿಯ ವಾಸನೆ ಹಾಲಿನ ತುಂಬ ಹರಡಿತು. ಕೆಲವರು ಕುರ್ಚಿ ಹಿಂದಕ್ಕೆ ಸರಿಸಿದರು.

“ಜಲಜಕ್ಕ, ನೀವೇ ಹೇಳಿ” ಎಂದೆ.

ಅವರು ಎದ್ದು ನಿಂತರು. ಮೈಕು ಕೊಡಲು ಬಂದರೆ ಬೇಡ ಎಂದು ಕೈಯಾಡಿಸಿದರು. (ತಲ್ಲೂರಿನ ಆ ತುದಿಯಿಂದ ಈ ತುದಿಗೆ ಮೀನು ಕೂಗಿ ಮಾರುವವರಿಗೆ ಮೈಕು ಯಾಕೆ?)

“ನಂಗ್ ಇಂಗ್ಲೀಷ್ ಬತ್ತಿಲ್ಲೆ ಸರ್. ಇದೊಂದ್ ರಬ್ಬರ್ ಕೊಡಿ, ಬೇರೆ ಎಂತದೂ ಬೇಡ. ಮೆಷಿನ್ ಗಟ್ಟಿ ಇತ್ತ್, ಲೈಟ್ ಸಮಾ ಇತ್ತ್. ಈ ಫ್ರಿಜ್ಜ್ ಬಪ್ಕೆ ಮುಂಚೆ ಸಂಜಿ ಆದ್ರೆ ತಕಂಬವ್ರ್ ಕೇಂಡ್ ರೇಟಿಗೆ ಮೀನ್ ಕೊಟ್ಟ್ ಹೋಯ್ಕಿತ್ತ್. ಇಲ್ದಿರೆ ಹಾಳಾತ್ತ್ ಅಲ್ದಾ? ಅದ್ ಅವ್ರಿಗೂ ಗೊತ್ತಿತ್ತ್. ಫ್ರಿಜ್ಜ್ ಬಂದ್ಮೇಲೆ ‘ಆತಿಲ್ಲೆ, ನಾಳೆ ಬತ್ತೆ’ ಅಂದ್ ಹೇಳುಕೆ ಕಲ್ತೆ. ಈಗ ಮತ್ತೆ ಸಂಜಿ ಆದ್ರೆ ಹೆದ್ರಿಕೆ.”

ಇಷ್ಟು ವರ್ಷ ಅವರಿಂದ ಮೀನು ಕೊಂಡ ನನಗೂ ಇದು ಗೊತ್ತಿರಲಿಲ್ಲ. ಸಂಜೆ ಹೊತ್ತಿನಲ್ಲಿ ನಾನೂ ಅವರಲ್ಲಿ ಚೌಕಾಸಿ ಮಾಡಿದವಳೇ. ನಾಚಿಕೆಯಾಯಿತು.

ಕಂಪನಿಗಳ ಪರವಾಗಿ ಬಂದಿದ್ದವರು ಗಂಟಲು ಸರಿಮಾಡಿಕೊಂಡರು. ಹಳೆಯ ಮಾಡೆಲುಗಳ ಬಿಡಿಭಾಗ ವರ್ಷಗಟ್ಟಲೆ ಇಟ್ಟುಕೊಳ್ಳುವುದು ಪ್ರಾಕ್ಟಿಕಲ್ ಅಲ್ಲ ಎಂದರು. ಸಂಚಾಲಕರು ಸೌಜನ್ಯದಿಂದ ಸೇರಿಸಿದರು: “ಅಮ್ಮ ಹೇಳಿದ್ದು ಬಹಳ ಮುಖ್ಯ. ಆದರೆ ಅದು ಸರ್ವೀಸಿನ ವಿಷಯ. ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ನಮ್ಮದು ಎನರ್ಜಿ ಮತ್ತು ಎನ್ವಿರಾನ್‌ಮೆಂಟ್.”

ಹೌದೇ? ಸಂದಿ ಬಿಟ್ಟ ಬಾಗಿಲಿನಿಂದ ದಿನವಿಡೀ ಸೋರುವುದು ಎನರ್ಜಿ ಅಲ್ಲದೆ ಪಾಯಸವೇ? ಗಟ್ಟಿ ಮೆಷಿನಿನ ಫ್ರಿಜ್ಜು ಗುಜರಿಯಲ್ಲಿ ಮಳೆಗೆ ನೆನೆಯುತ್ತಾ ಬಿದ್ದರೆ ಅದು ಎನ್ವಿರಾನ್‌ಮೆಂಟ್ ಅಲ್ಲವೇ? ಅದರ ಜಾಗಕ್ಕೆ ಇನ್ನೊಂದನ್ನು ಹೊಸದಾಗಿ ಮಾಡಲು ಕಬ್ಬಿಣ, ಪ್ಲಾಸ್ಟಿಕ್ಕು, ಗ್ಯಾಸು ಆಕಾಶದಿಂದ ಉದುರುತ್ತದೆಯೇ? ಹುಟ್ಟಿದ ದಿನದ ಲೆಕ್ಕ ಹಿಡಿದು ಲೇಬಲ್ ಕೊಡುತ್ತೀರಿ. ಐದಾರು ವರ್ಷದ ಮೇಲೆ ಅದು ಹೇಗಿದೆ ಎಂದು ಯಾರು ನೋಡುತ್ತಾರೆ? ಇಷ್ಟನ್ನೂ ನಾನು ನಿಂತುಕೊಂಡೇ ಕೇಳಿದೆ. ದನಿ ಸ್ವಲ್ಪ ಏರಿತ್ತು. ಇಳಿಸಬೇಕು ಅನಿಸಲಿಲ್ಲ.

“ಕಾಫಿ ಬ್ರೇಕ್” ಎಂದರು ಸಂಚಾಲಕರು.

ಗೋಳಿಬಜೆಯ ಸಾಲಿನಲ್ಲಿ ಬಿಳಿಗೂದಲಿನ ತಜ್ಞರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: “ನಮ್ಮ ಮನೆಯದ್ದೂ ಹೀಗೇ ಆಯಿತು ಮೇಡಂ. ರಬ್ಬರು ಸಿಗಲೇ ಇಲ್ಲ. ಫ್ರಿಜ್ಜನ್ನೇ ಬದಲಿಸಿದೆ.”

“ಅದನ್ನೇ ಒಳಗೆ ಹೇಳಿ ಸರ್” ಎಂದೆ.

ಅವರು ಚಟ್ನಿ ಹಾಕಿಸಿಕೊಳ್ಳಲು ಹೋದರು. ಮತ್ತೆ ಒಳಗೆ ಬಂದ ಮೇಲೆ ಬಾಯಿ ಬಿಡಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಒಳ್ಳೆಯವರು ಚಟ್ನಿಯ ಹತ್ತಿರ ಮಾತ್ರ ಮಾತಾಡಿದರೆ ಜಲಜಕ್ಕನಿಗೆ ರಬ್ಬರು ಬರುವುದು ಹೇಗೆ?

ಕೊನೆಗೆ ಒಂದು ಹಾಳೆ ಬಂತು. ಕಂಪನಿಯವರ ಸಹಿ, ತಜ್ಞರ ಸಹಿ, ಸಂಚಾಲಕರ ಸಹಿ ಆಗಿತ್ತು. ಖಾಲಿ ಇದ್ದದ್ದು ಒಂದೇ ಜಾಗ: ‘ಗ್ರಾಹಕ ಪ್ರತಿನಿಧಿ: ಕರಡಿಗೆ ಸಹಮತವಿದೆ.’

“ಬರೀ ಫಾರ್ಮಾಲಿಟಿ ಮೇಡಂ” ಎಂದರು ಸಂಚಾಲಕರು.

ಫಾರ್ಮಾಲಿಟಿ ಆದರೆ ನನ್ನ ಸಹಿ ಯಾಕೆ ಬೇಕು? ನಾಳೆ ಕೋಡಿಯಿಂದ ಬೈಂದೂರಿನವರೆಗೆ ಯಾರದ್ದೇ ಫ್ರಿಜ್ಜಿನ ರಬ್ಬರು ಕಿತ್ತುಬಂದರೂ, ನಿಮ್ಮವರೇ ಒಪ್ಪಿದ್ದಾರಲ್ಲ ಎಂದು ತೋರಿಸಲು ಬೇಕು. ಹಾಳೆಯನ್ನು ಹಾಗೆಯೇ ವಾಪಸು ಕೊಟ್ಟೆ. ಬಿಡಿಭಾಗದ ಒಂದು ಸಾಲು ಸೇರಿಸಿ, ಪೆನ್ನು ನಾನೇ ತರುತ್ತೇನೆ ಎಂದೆ. ಮೇಜಿನ ಮೇಲಿದ್ದ ರಬ್ಬರನ್ನು ಜಲಜಕ್ಕ ಜೋಪಾನವಾಗಿ ಪೇಪರಿನಲ್ಲಿ ಸುತ್ತಿದರು. ಕೇಕಿನ ತುಂಡು ಕಟ್ಟಿಕೊಂಡ ಹಾಗೆ.

ಬಸ್ಸಿನಲ್ಲಿ ಬರುವಾಗ ಅವರು ಕೇಳಿದರು: “ನಿಮ್ಗ್ ನನ್ನಿಂದ ಸುಮ್ನೆ ತಾಪತ್ರಯ ಆಯ್ತ್ ಅಲ್ದಾ ಅಕ್ಕ?”

“ನಿಮ್ಮಿಂದ ಅಲ್ಲ, ಅವ್ರಿಂದ” ಎಂದೆ. “ಅವ್ರಿಗೂ ಸ್ವಲ್ಪ ಆಯ್ಲಿ.”

ಆಮೇಲೆ ಸಂಚಾಲಕರ ಫೋನು ಬಂತು. ಸಹಿ ಹಾಕಿಬಿಡಿ, ನಿಮ್ಮ ಸಲಹೆಯನ್ನು ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ ಎಂದರು. ಮುಂದಿನದ್ದು ಯಾವಾಗ ಎಂದರೆ ‘ತಿಳಿಸುತ್ತೇವೆ’ ಎಂದರು. ನಾನು ಒಪ್ಪಲಿಲ್ಲ. ನಿನ್ನೆ ಇ-ಮೇಲ್ ಬಂತು. ಎರಡೇ ಸಾಲು. ಆಕ್ಷೇಪವಿದ್ದರೆ ಸೂಕ್ತ ದಾಖಲೆ ಲಗತ್ತಿಸಿ ವಾರದೊಳಗೆ ಕಳುಹಿಸಬೇಕು. ಇಲ್ಲದಿದ್ದರೆ ‘ನಿಮ್ಮ ಮೌನವನ್ನು ಸಹಮತ ಎಂದು ಪರಿಗಣಿಸಲಾಗುವುದು.’

ಇವತ್ತು ಬೆಳಿಗ್ಗೆ ಜಲಜಕ್ಕ, ನಾನು ಇಬ್ಬರೂ ಕುಂದಾಪುರದ ಪೋಸ್ಟಾಫೀಸಿಗೆ ಹೋದೆವು. ಆಕ್ಷೇಪ ಕನ್ನಡದಲ್ಲಿದೆ. ಕೆಳಗೆ ಎರಡು ಸಹಿ ಇದೆ, ಒಂದು ನನ್ನದು, ಇನ್ನೊಂದು ಜಲಜಕ್ಕನದು. ಲಗತ್ತು: ರಬ್ಬರಿನ ತುಂಡು, ಒಂದು. ಪಾರ್ಸೆಲನ್ನು ತೂಗುವಾಗ ಕೌಂಟರಿನವರು ಮೂಗು ಮುರಿದು, “ಒಳಗೆ ಎಂತ ಇತ್ತ್?” ಎಂದರು.

“ದಾಖ್ಲೆ” ಎಂದರು ಜಲಜಕ್ಕ.

ರಿಜಿಸ್ಟರ್ಡ್ ಪೋಸ್ಟ್ ಹೊರಟಿದೆ. ಸಂಚಾಲಕರೇ, ಮೌನವೆಂದರೆ ಸಹಮತ ಎಂಬ ನಿಯಮ ಮಾಡಿದವರು ನೀವೇ. ನಾವಂತೂ ಮಾತಾಡಿಯಾಯಿತು. ಇನ್ನು ನೀವು ಉತ್ತರಿಸದೆ ಕುಳಿತರೆ, ಆ ಮೌನವನ್ನು ನಾವು ಏನೆಂದು ಪರಿಗಣಿಸಬೇಕು?