ನೀಲಿ ಬೆರಳಿನ ಮೇಡಂ

ಮೇಲಿನ ಮನೆಯ ಮೇಡಂ ಅವರ ಎರಡು ಬೆರಳುಗಳ ತುದಿ ಸದಾ ನೀಲಿ. ಪ್ರೋಟೀನಿಗೆ ಹಾಕುವ ಬಣ್ಣವಂತೆ. ಸೋಪು, ನಿಂಬೆಹಣ್ಣು ಯಾವುದಕ್ಕೂ ಬಗ್ಗುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಏಳಕ್ಕೆ ಅದೇ ಬೆರಳುಗಳಿಂದ ನಮ್ಮ ಅಡುಗೆಮನೆಯ ಬಾಗಿಲು ತಟ್ಟಿದರು. ನಾನು ಯಜಮಾನರ ಡಬ್ಬಿಗೆ ರೊಟ್ಟಿ ಮಡಚುತ್ತಿದ್ದೆ. ಮಾದಾಪುರದ ಆಫೀಸಿನ ಕ್ಯಾಬು ಹಿಮಾಯತ್‌ನಗರದ ನಮ್ಮ ಗಲ್ಲಿಯಲ್ಲಿ ಹಾರ್ನ್ ಹೊಡೆಯಲು ಇನ್ನು ಹತ್ತೇ ನಿಮಿಷ.

"ಅಕ್ಕಾರ, ನಿಮ್ಮ ರಕ್ತ ಬೇಕಾಗೇತ್ರಿ," ಎಂದರು, ಒಂದು ಲೋಟ ಸಕ್ಕರೆ ಕೇಳುವಷ್ಟೇ ಸಹಜವಾಗಿ.

ರಾಯಚೂರಿನವರು. ಊರೆಲ್ಲ ಸಾಫ್ಟ್‌ವೇರ್ ಎಂದು ಓಡುತ್ತಿದ್ದ ಆ ವರ್ಷಗಳಲ್ಲಿ ಇವರು ಬಿಳಿ ರಕ್ತಕಣಗಳ ಬೆನ್ನು ಹತ್ತಿ ಆರು ವರ್ಷ ಕಳೆದಿದ್ದರು. ಪ್ರಯೋಗದ ಕೊನೆಯ ಸುತ್ತು ಅವತ್ತೇ ಮುಗಿಯಬೇಕು. ಮರುದಿನ ಗೈಡ್ ವಿದೇಶಕ್ಕೆ ಹೊರಡುವವರು. ಅವರ ಸಹಿ ಬೀಳದಿದ್ದರೆ ಥೀಸಿಸ್ ಇನ್ನೊಂದು ವರ್ಷ ಮುಂದಕ್ಕೆ. ರಕ್ತ ಕೊಡಬೇಕಿದ್ದ ಸಹಪಾಠಿಗೆ ನೆಗಡಿಯಂತೆ.

"ಜ್ವರ? ಗಾಯ? ಬಾವು? ನೋವು?" ಫಾರಂ ಹಿಡಿದು ಕೇಳಿದರು.

"ಏನೂ ಇಲ್ಲ, ಚೆನ್ನಾಗಿದ್ದೇನೆ," ಎಂದೆ.

ಕಾನ್ವೆಂಟಿನಲ್ಲಿ ಹತ್ತು ವರ್ಷ, ಪ್ರತಿ ಬೆಳಿಗ್ಗೆ, ಸಿಸ್ಟರ್ ಹೇಗಿದ್ದೀರಿ ಎಂದು ಕೇಳಿದಾಗ ಎದ್ದು ನಿಂತು ಹೇಳಿದ ಉತ್ತರ ಅದು. ಬೇರೆ ಉತ್ತರ ಬಾಯಿಗೆ ಬರುತ್ತಿರಲಿಲ್ಲ. ಆ ಬಾಯಿಯಲ್ಲೇ ಎರಡು ದಿನದಿಂದ ಬಲದವಡೆ ಕೀವು ಕಟ್ಟಿತ್ತು. ಲವಂಗ ಕಚ್ಚಿಕೊಂಡಿದ್ದೆ.

ಅವರ ಪ್ರಯೋಗಾಲಯಕ್ಕೆ ಹೋಗುವಾಗ ಆಟೋದಲ್ಲಿ ಮೇಡಂ ಪಾಠ ಮಾಡಿದರು. "ಬಿಳಿ ಕಣದ ಮೈಮ್ಯಾಲೆ ಅಂಟು ಪ್ರೋಟೀನ್ ಇರ್ತಾವ್ರಿ, ಕೈ ಇದ್ದಂಗ. ಸುಮ್ಮನ ಹರಿಯೋವಾಗ ಮಡಚಿಕೊಂಡಿರ್ತಾವ. ಎಲ್ಲರೆ ಸೋಂಕು ಆತಂದ್ರ, ಕಣದ ಒಳಗಿರೋ ಅದರ ಬಾಲಕ್ಕ ಒಂದು ಫಾಸ್ಫೇಟ್ ಬಂದು ಕೂಡ್ತೈತಿ. ಅಷ್ಟಕ್ಕ ಹೊರಗಿನ ಕೈ ಬಿಚ್ಚಿ ರಕ್ತನಾಳದ ಗ್ವಾಡಿ ಹಿಡಿತಾವ. ಫಾಸ್ಫೇಟ್ ತಗದ್ರ, ಬಿಟ್ಟು ಮುಂದ ಹೋಗ್ತಾವ."

"ಸೀರೆಯ ಒಳಗೆ ಪಿನ್ ಹಾಕಿದರೆ ಹೊರಗೆ ನೆರಿಗೆ ನಿಲ್ಲುತ್ತದಲ್ಲ, ಹಾಗೇನು?"

"ಅಬ್ಬಾ! ಇದನ್ನ ನಮ್ಮ ಗೈಡ್‌ಗೆ ಹೇಳಬೇಕ್ರಿ!"

ನರ್ಸ್ ರಕ್ತ ತೆಗೆದರು. ನಾನು ಎಡದವಡೆಯಲ್ಲೇ ಬಿಸ್ಕತ್ತು ಅಗಿಯುತ್ತ ಕಾದೆ. ಹನ್ನೆರಡಕ್ಕೆ ಮೇಡಂ ಹೊರಬಂದರು. ಕಣಗಳಿಗೆ ಸೋಂಕಿನ ಸುಳ್ಳು ಸುಳಿವು ಕೊಡುವ ದ್ರಾವಣ ಹಾಕುವ ಮೊದಲೇ ನನ್ನ ಕಣಗಳೆಲ್ಲ ಗಾಜಿಗೆ ಅಂಟಿ ಕೂತಿದ್ದವಂತೆ.

"ಅಕ್ಕಾರ, ನಿಮ್ಮ ಕಣ ಯಾರ ಜೋಡಿನೋ ಯುದ್ಧಕ್ಕ ನಿಂತಾವು. ಬಾಯಿ ತಗೀರಿ."

ತೆರೆದೆ. ಟ್ಯೂಬ್‌ಲೈಟಿನ ಕಡೆಗೆ ನನ್ನ ಗದ್ದ ತಿರುಗಿಸಿ ನೋಡಿದರು.

"ಇಷ್ಟು ಬಾತೈತಿ! ಚೆನ್ನಾಗಿದ್ದೀನಿ ಅಂತೀರಿ!" ಆರು ವರ್ಷದ ದಣಿವು ಕಣ್ಣಲ್ಲಿ ತುಂಬಿ ಬಂದಿತ್ತು. "ನೋವಾದ್ರ ನೋವು ಅನ್ರಿ. ನಿಮ್ಮ ಕಣಕ್ಕಿರೋ ಧೈರ್ಯ ನಿಮಗಿಲ್ಲಲ್ರಿ!"

ನಾಚಿಕೆಯಿಂದ ಕುಗ್ಗಿಹೋದೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಯಜಮಾನರ ಆಫೀಸಿಗೆ ಫೋನ್ ಮಾಡಿ, "ನನಗೆ ಹಲ್ಲು ನೋವು, ನಿಮ್ಮ ರಕ್ತ ಬೇಕು, ಬೇಗ ಬನ್ನಿ," ಎಂದೆ. ಪಾಪ, ಅರ್ಥವಾಗದ ಗಾಬರಿಗೇ ಅರ್ಧ ಗಂಟೆಯಲ್ಲಿ ಬಂದರು. ಫಾರಂ ಕೊಟ್ಟರೆ ಏಳನೇ ಕ್ಲಾಸಿನ ಕಣ್ಣುಬೇನೆಯಿಂದ ಹಿಡಿದು ಹಿಂದಿನ ತಿಂಗಳ ಕುತ್ತಿಗೆ ಹಿಡಿತದವರೆಗೆ ಬರೆಯತೊಡಗಿದರು.

"ಸರ್, ಈ ವಾರದ್ದು ಸಾಕ್ರಿ," ಎಂದರು ಮೇಡಂ.

ಈ ವಾರ ಯಜಮಾನರಿಗೆ ಏನೂ ಆಗಿರಲಿಲ್ಲ. ನಾನು ದಂತವೈದ್ಯರಲ್ಲಿ ಹಲ್ಲು ಕೀಳಿಸಿಕೊಂಡು ಬರುವಷ್ಟರಲ್ಲಿ ಅವರ ಕಣಗಳು ಹಿಡಿ ಎಂದಾಗ ಹಿಡಿದು, ಬಿಡು ಎಂದಾಗ ಬಿಟ್ಟಿದ್ದವು. ಮನೆಯಲ್ಲಿ ಇಷ್ಟು ಮಾತು ಕೇಳುವವರಲ್ಲ. ಗೈಡ್ ಸಹಿ ಹಾಕಿದರು.

ಡಾಕ್ಟರೇಟ್ ಪಡೆದು ಮೇಡಂ ಬೇರೆ ಊರಿಗೆ ಹೋಗಿ ವರ್ಷಗಳಾದವು. ಯಾರಾದರೂ ಹೇಗಿದ್ದೀರಿ ಎಂದರೆ ಈಗ ನಾನು ಕ್ಷಣ ಯೋಚಿಸಿ, ನಿಜ ಹೇಳುತ್ತೇನೆ. ಅದು ಅವರು ಕೊಟ್ಟದ್ದು.

ಕಲಿತದ್ದನ್ನು ಅವತ್ತು ಸಂಜೆಯೇ ಶುರುಮಾಡಿದ್ದೆ. ಮಂಚದ ಮೇಲೆ ಬಿದ್ದು "ಅಯ್ಯೋ, ಅಮ್ಮಾ" ಎಂದು ಮನಸಾರೆ ನರಳುತ್ತಿದ್ದಾಗ, ಪಕ್ಕದ ಮನೆಯ ಬೀದರಿನ ಅಜ್ಜಿ ಗೋಡೆಯಾಚೆಯಿಂದ ಯಜಮಾನರನ್ನು ಕೇಳಿದ್ದು ಕಿವಿಗೆ ಬಿತ್ತು:

"ಏನಪಾ, ನಿಮ್ಮನ್ಯಾಗ ಯಾವುದೋ ಹೆಣ್ಣುಮಗಳ ದನಿ ಕೇಳಾಕತ್ತೈತಿ. ಊರಿಂದ ಹೊಸಬರು ಯಾರರೆ ಬಂದಾರೇನು?"